ಮೆಕ್ಯಾನಿಕ್ ಬರುವ ತನಕ ಮುಟ್ಟಬೇಡಿ

ಮಾರ್ಚ್ 4, ಬೆಳಿಗ್ಗೆ 6.20

ಬಿಪಿ ನೋಡಿದ್ದಾಯ್ತು. ಜ್ವರ ನೋಡಿದ್ದಾಯ್ತು. ಎರಡೂ ತೊಡೆಸಂದು ಬೋಳಿಸಿದ್ದೂ ಆಯ್ತು. ಬ್ಲೇಡ್ ಹಿಡ್ಕೊಂಡು ಬಂದ ಅಟೆಂಡರ್ "ನಾಚ್ಕೋಬೇಡಿ ಸಾರ್" ಅಂದ. ಅಯ್ಯೋ, ಇದು ಎರಡನೇ ಸಲ ಕಣಪ್ಪ ಅಂದೆ. ಕೂದಲು ಮತ್ತೆ ಬಂತು, ಹೋದ ನಾಚಿಕೆ ವಾಪಸ್ ಬರಲಿಲ್ಲ.

ಆರೂವರೆಗೆ ಕರ್ಕೊಂಡು ಹೋಗ್ತಾರಂತೆ. ಹೆಂಡತಿ ಕೆಳಗೆ ಫಾರಂ ತುಂಬ್ತಾ ಇದ್ದಾಳೆ. ಸ್ಕೂಲ್ ಆಫೀಸಲ್ಲಿ ಇಪ್ಪತ್ತು ವರ್ಷದಿಂದ ಕ್ಲರ್ಕ್, ಫಾರಂ ಅಂದ್ರೆ ಅವಳಿಗೆ ನೀರು ಕುಡಿದಷ್ಟು ಸುಲಭ. ಈ ರೆಕಾರ್ಡಿಂಗ್ ಮಾಡೋದು ಮಗಳು ಹೇಳ್ಕೊಟ್ಟಿದ್ದು. ಎದೇಲಿ ಏನಾದ್ರೂ ಆದಾಗೆಲ್ಲ ಬರೆದಿಡಿ ಅಂತ ಡಾಕ್ಟ್ರು ಅಂದಿದ್ರು. ನಾನು ಜೀವಮಾನದಲ್ಲಿ ಬರೆದಿರೋದು ಒಂದೇ ಸಾಲು — "ಸರ್ವಿಸ್ ಮಾಡಿದೆ, ಸರಿ ಇದೆ." "ಬರೀಬೇಡ ಅಪ್ಪಾ, ಮಾತಾಡು. ತಾರೀಖು ಟೈಮು ಅದೇ ಹಾಕ್ಕೊಳ್ಳತ್ತೆ" ಅಂದ್ಲು. ಮಾತಾಡು ಅಂತ ನಮ್ಮ ಮನೇಲಿ ನನಗೆ ಯಾರಾದ್ರೂ ಹೇಳಿದ್ದು ಇದೇ ಮೊದಲು.

ವಿಷಯ ಇಷ್ಟು. ಹಾರ್ಟಿನ ಕೆಳಗಿನ ಕೋಣೆಯಿಂದ ಕರೀದೆ ಇರೋ ಬಡಿತ ಬರ್ತಾ ಇದೆ. ಅಡ್ಡಬಡಿತ. ಒಂದೊಂದಾಗಿ ಬಂದ್ರೆ ಎದೇಲಿ ಮೀನು ಹೊರಳಿದ ಹಾಗೆ. ಸಾಲಾಗಿ ಬಂದ್ರೆ ಕಣ್ಣು ಕತ್ತಲೆ. ಡಿಸೆಂಬರಲ್ಲಿ ಲಿಫ್ಟ್ ಕ್ಯಾಬಿನ್ ಮೇಲೆ ನಿಂತಿದ್ದೆ, ಗೈಡ್ ರೈಲಿಗೆ ಎಣ್ಣೆ ಹಾಕ್ತಾ — ನಾನು ಲಿಫ್ಟ್ ಮೆಕ್ಯಾನಿಕ್, ಇಪ್ಪತ್ತೆಂಟು ವರ್ಷ — ಏಳನೇ ಮಹಡಿ ಹತ್ರ ಕಾಲು ಕುಸೀತು. ಜೊತೆಗಾರ ಬೆಲ್ಟ್ ಹಿಡ್ಕೊಂಡ. ಇಲ್ಲದಿದ್ರೆ ಈ ಮಾತು ಇರ್ತಿರ್ಲಿಲ್ಲ.

ತೊಡೆಯ ರಕ್ತನಾಳದಿಂದ ಒಳಗೆ ವೈರ್ ಬಿಟ್ಟು, ಆ ಬಡಿತ ಹುಟ್ಟೋ ಜಾಗ ಹುಡುಕಿ, ಸುಟ್ಟುಬಿಡ್ತಾರೆ. ಜನವರಿಯಲ್ಲಿ ಒಂದ್ಸಲ ಹೋದ್ರು. ನಿದ್ದೆ ಮದ್ದು ಕೊಟ್ಟ ತಕ್ಷಣ ಬಡಿತ ಮಾಯ. ಮೂರು ಗಂಟೆ ಕಾದು ಬರಿಗೈಲಿ ಬಂದ್ರು. "ನಮ್ಮನ್ನ ಕಂಡ್ರೆ ನಿಮ್ಮ ಹಾರ್ಟ್ ಕೈಕಟ್ಟಿ ಕೂತ್ಕೊಳ್ಳತ್ತೆ" ಅಂದ್ರು ಡಾಕ್ಟ್ರು. ನನಗೆ ನಗು ಬಂತು. ಲಿಫ್ಟೂ ಹಾಗೇನೇ ಸಾರ್ ಅಂದೆ. ಇಡೀ ಬಿಲ್ಡಿಂಗ್‌ನ ಗೋಳು ಹುಯ್ಕೊಂಡಿರತ್ತೆ. ನಾನು ಟೂಲ್ ಬ್ಯಾಗ್ ಹಿಡಿದು ಬಾಗಿಲಿಗೆ ಬಂದ್ರೆ ಹೊಸ ಅಳಿಯನ ಥರ ನಡ್ಕೊಳ್ಳತ್ತೆ.

ಅದಕ್ಕಿಂತ ದೊಡ್ಡ ಶತ್ರು ಕೇರ್‌ಟೇಕರ್‌ಗಳು. ಲಿಫ್ಟ್ ನಿಂತ ತಕ್ಷಣ ಮೇನ್ ಆಫ್ ಮಾಡ್ತಾರೆ, ಆನ್ ಮಾಡ್ತಾರೆ. ಓಡತ್ತೆ. ಅವರಿಗೆ ಖುಷಿ. ನಾನು ಹೋಗಿ ನೋಡಿದ್ರೆ ಪ್ಯಾನೆಲ್ಲಲ್ಲಿ ಎರರ್ ಅಳಿಸಿಹೋಗಿರತ್ತೆ. ಫಾಲ್ಟ್ ಅಲ್ಲೇ ಇರತ್ತೆ, ಗುರುತು ಮಾತ್ರ ಇಲ್ಲ. ಅದಕ್ಕೇ ನಾನು ನೋಡ್ಕೊಳ್ಳೋ ಮೆಷಿನ್ ರೂಮಿಗೆಲ್ಲ ಕೆಂಪು ಪೇಂಟಲ್ಲಿ ಬರೆದಿದ್ದೀನಿ — ಮೆಕ್ಯಾನಿಕ್ ಬರುವ ತನಕ ಮುಟ್ಟಬೇಡಿ. ಯಾರು ಕೇಳ್ತಾರೆ.

ಇನ್ನೊಂದು. ಡಾಕ್ಟ್ರಿಗೆ ಹೇಳಿಲ್ಲ, ಹೇಳೋ ಅಂಥದ್ದೂ ಅಲ್ಲ. ಜನವರಿ ಆದಮೇಲೆ ನಾನೇ ಒಂದು ಉಪಾಯ ಕಂಡ್ಕೊಂಡಿದ್ದೀನಿ. ಬಡಿತ ಸಾಲು ಕಟ್ಟೋಕೆ ಶುರು ಮಾಡಿದ ಕೂಡಲೇ ಉಸಿರು ಬಿಗಿಹಿಡಿದು, ಹೊಟ್ಟೆ ಎಳ್ಕೊಂಡು, ಜೋರಾಗಿ ಒಂದು ಕೆಮ್ಮು. ಸರಿ, ಎರಡು. ಠಕ್ ಅಂತ ಲೈನಿಗೆ ಬರತ್ತೆ. ಸ್ಪೇರ್ ಪಾರ್ಟ್ ಬೇಡ, ಏನೂ ಬೇಡ. ಇಷ್ಟು ವರ್ಷದ ಕೈಚಳಕ ಎಲ್ಲಿಗೆ ಹೋಗತ್ತೆ.

ಸ್ಟ್ರೆಚರ್ ಬಂತು.

ಮಾರ್ಚ್ 4, ಸಂಜೆ 5

ಅಂಗಾತ. ಬಲಗಾಲು ಮಡಚೋ ಹಾಗಿಲ್ಲ, ಇನ್ನೂ ಆರು ಗಂಟೆ ಹೊತ್ತು. ತಲೆ ಎತ್ತೋ ಹಾಗಿಲ್ಲ. ಸೀಲಿಂಗಲ್ಲಿ ಹದಿನೆಂಟು ಚೌಕ, ಒಂದಕ್ಕೆ ನೀರು ಕಲೆ.

ಒಂದು ಜಾಗ ಸುಟ್ಟಿದ್ದಾರಂತೆ. "ಸರಿಯಾಗಿ ಕಾಣಿಸಿಕೊಳ್ಳಲಿಲ್ಲ, ಬರ್ತಾ ಇತ್ತು, ನಿಂತು ಹೋಗ್ತಾ ಇತ್ತು. ಅಂದಾಜಿನ ಮೇಲೆ ಮಾಡಿದ್ದೀವಿ, ನೋಡೋಣ" ಅಂದ್ರು ಡಾಕ್ಟ್ರು. ಮುಖ ಬಾಡಿತ್ತು. ಈ ಸಲ ನಿದ್ದೆ ಮದ್ದು ಕಮ್ಮಿ ಕೊಟ್ಟಿದ್ರು, ಅರೆ ಎಚ್ಚರ ಇತ್ತು ನನಗೆ.

ಪಕ್ಕದ ಬೆಡ್ಡಲ್ಲಿ ಒಬ್ಬ ಟೈಲರ್. ಎರಡು ಸ್ಟೆಂಟ್ ಹಾಕಿದ್ದಾರೆ, ಈಗ ಮೊದಲನೆಯದೇ ಕಟ್ಕೊಂಡಿದೆಯಂತೆ. "ಎದೆ ಆಲ್ಟರೇಶನ್‌ಗೆ ಬಂದಿದ್ದೀನಿ ಸ್ವಾಮಿ" ಅಂತಾನೆ. "ಹಳೇ ಬಟ್ಟೆ. ಒಂದು ಕಡೆ ಹೊಲಿದ್ರೆ ಇನ್ನೊಂದು ಕಡೆ ಬಿಡ್ತಾ ಇದೆ." ಮಾತಿಗೆ ಒಳ್ಳೆ ಜೊತೆ ಸಿಕ್ಕಿದ ಅಂತ ಇಬ್ಬರಿಗೂ ಖುಷಿ. ಸಿಸ್ಟರ್‌ಗೆ ತಲೆ ಚಿಟ್ಟು ಹಿಡಿದಿದೆ.

ಮಾರ್ಚ್ 5, ಬೆಳಿಗ್ಗೆ 9

ನಿನ್ನೆ ಅದಾದ್ಮೇಲೆ ಒಂದು ಕತೆ ಆಯ್ತು.

ಆರೂವರೆ ಇರಬೇಕು. ಟೈಲರ್ ಏನೋ ಹೇಳ್ತಿದ್ದ. ಎದೇಲಿ ಶುರು ಆಯ್ತು — ಒಂದು, ಎರಡು, ಸಾಲು. ಸುಟ್ಟ ಮೇಲೂ! ಹೆದರಿಕೆ ಆಗಿ ಕೆಮ್ಮಿಬಿಟ್ಟೆ. ಜೋರಾಗಿ ಎರಡು ಸಲ. ಎದೆ ಸರಿಹೋಯ್ತು. ಆಮೇಲೆ ತೊಡೆ ಹತ್ರ ಬೆಚ್ಚಗೆ ಅನ್ನಿಸ್ತು. ಯಾರೋ ಬಿಸಿನೀರು ಚೆಲ್ಲಿದ್ರು ಅಂದ್ಕೊಂಡೆ. ಟೈಲರ್ ಮುಖ ನೋಡಿದೆ — ಬಿಳಿಚಿಕೊಂಡಿತ್ತು. "ಸಿಸ್ಟರ್! ಸಿಸ್ಟರ್!" ಅಂತ ಅವನೇ ಕೂಗಿದ್ದು.

ವೈರ್ ಹಾಕಿದ್ದ ಜಾಗ ಬಿಟ್ಕೊಂಡು ರಕ್ತ ಹರೀತಾ ಇತ್ತು. ದೊಡ್ಡ ಸಿಸ್ಟರ್ ಓಡಿ ಬಂದವರೇ ಎರಡೂ ಕೈ ಒಂದರ ಮೇಲೊಂದು ಇಟ್ಟು, ಮೈಭಾರ ಎಲ್ಲ ಬಿಟ್ಟು ಒತ್ತಿದ್ರು. ಇಪ್ಪತ್ತು ನಿಮಿಷ. ಕೈ ತೆಗೀಲಿಲ್ಲ. ಬೆವರು ಅವರ ಗಲ್ಲದಿಂದ ನನ್ನ ಹೊಟ್ಟೆ ಮೇಲೆ ಬೀಳ್ತಾ ಇತ್ತು.

"ಯಾಕೆ ಕೆಮ್ಮಿದ್ರಿ?"

"ಬಂತು ಸಿಸ್ಟರ್."

"ಕೆಮ್ಮು ಬಂದ್ರೆ ಇಲ್ಲಿ ಕೈ ಒತ್ತಿ ಹಿಡ್ಕೊಂಡು ಕೆಮ್ಮಿ ಅಂತ ಮೂರು ಸಲ ಹೇಳಿದ್ದೆ ತಾನೇ? ನಿಮಗೆ ನೆಗಡಿನೂ ಇಲ್ಲ, ಕಫನೂ ಇಲ್ಲ. ಇದ್ದಕ್ಕಿದ್ದ ಹಾಗೆ ಎಲ್ಲಿಂದ ಬಂತು?"

ಸೀಲಿಂಗಿನ ನೀರು ಕಲೆ ನೋಡಿದೆ. ಇಂಥ ಕಡೆ ಮಾತ್ರ ನನಗೆ ಮಾತು ಬರಲ್ಲ.

ಈಗ ತೊಡೆ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಮಂಡಿ ತನಕ. ಹೆಂಡತಿ ನೋಡಿ ಹೊದಿಕೆ ಮುಚ್ಚಿ ಕಿಟಕಿ ಹತ್ರ ಹೋಗಿ ನಿಂತ್ಲು.

ಹೇಳಬೇಕು ಅಂದ್ರೆ... ಆಪರೇಶನ್ ಟೇಬಲ್ ಮೇಲೂ ಕೆಮ್ಮಿದ್ದೆ. ಮೆಲ್ಲಗೆ, ಬಾಯಿ ಮುಚ್ಕೊಂಡು. ಮೂರ್ನಾಲ್ಕು ಸಲ ಇರಬಹುದು. ಬರ್ತಾ ಇತ್ತು, ನಿಂತು ಹೋಗ್ತಾ ಇತ್ತು ಅಂದ್ರಲ್ಲ ಡಾಕ್ಟ್ರು.

ಇದಕ್ಕೂ ಅದಕ್ಕೂ ಏನು ಸಂಬಂಧ. ಇರಲಾರದು.

ಮಾರ್ಚ್ 15, ಬೆಳಿಗ್ಗೆ 11

ಮನೆ. ಒಂಬತ್ತು ದಿನ ಚೆನ್ನಾಗಿದ್ದೆ. ನಿನ್ನೆ ಶೂ ಲೇಸ್ ಕಟ್ಟೋಕೆ ಬಗ್ಗಿದವನು ಅಲ್ಲೇ ಗೋಡೆ ಹಿಡ್ಕೊಂಡು ಕೂತೆ. ವಾಪಸ್ ಬಂದಿದೆ.

ಇವತ್ತು ಎಕೋ ಮಾಡಿದ್ರು. ಹಾರ್ಟಿನ ಪಂಪಿಂಗ್ ಮೊದಲು ನೂರಕ್ಕೆ ಐವತ್ತೈದಿತ್ತು. ಜನವರಿಯಲ್ಲಿ ಮೂವತ್ತೆಂಟು. ಈಗ ಮೂವತ್ತನಾಲ್ಕು. ಡಾಕ್ಟ್ರು ಪೆನ್ನಿನ ಕ್ಯಾಪ್ ಹಾಕಿ, ತೆಗೆದು, ಹಾಕಿ ಹೇಳಿದ್ರು — "ಇನ್ನೊಂದೇ ಸಲ ನೋಡೋಣ. ಸಿಕ್ಕಿದ್ರೆ ಪಂಪಿಂಗ್ ಮೇಲಕ್ಕೆ ಬರತ್ತೆ. ಸಿಗಲಿಲ್ಲ ಅಂದ್ರೆ ಎದೆ ಒಳಗೆ ಶಾಕ್ ಕೊಡೋ ಡಬ್ಬಿ ಇಡಬೇಕು. ನಿಂತ್ರೆ ಅದು ಎಬ್ಬಿಸತ್ತೆ."

"ಆ ಡಬ್ಬಿ ಇಟ್ಕೊಂಡು ಮೆಷಿನ್ ರೂಮಿಗೆ ಹೋಗಬಹುದಾ ಸಾರ್?"

"ದೊಡ್ಡ ಮೋಟರ್, ಮ್ಯಾಗ್ನೆಟ್ ಹತ್ರ ಬೇಡ. ಎತ್ತರವೂ ಬೇಡ."

ಅಂದ್ರೆ ಲಿಫ್ಟ್ ಬೇಡ ಅಂತ ಅರ್ಥ. ಹೊರಗೆ ಬಂದು ಹೆಂಡತಿ ಕೇಳಿದ್ಲು, "ಬೇರೆ ಕೆಲಸ ಇಲ್ವಾ ಪ್ರಪಂಚದಲ್ಲಿ?" ಇದೆ ಕಣೇ, ನನಗೆ ಬರೋದು ಇದೊಂದೇ ಅಂದೆ. ಆಸ್ಪತ್ರೆ ಲಿಫ್ಟಲ್ಲಿ ಇಳಿದ್ವಿ. ಮೂರನೇ ಮಹಡೀಲಿ ನಿಲ್ಲುವಾಗ ಒಂದು ಜರ್ಕ್. ಬ್ರೇಕ್ ಲೈನಿಂಗ್ ಸವೆದಿದೆ. ಹೇಳೋಕೆ ಬಾಯಿ ತೆಗೆದೆ, ಅವಳು ಕೈ ಹಿಂಡಿದ್ಲು.

ಮಾರ್ಚ್ 19, ಮಧ್ಯಾಹ್ನ 1

ಎದೆ ಇನ್ನೂ ಡವಡವ ಅಂತಿದೆ. ಈ ಸಲ ಅಡ್ಡಬಡಿತ ಅಲ್ಲ.

ಎರಡು ದಿನ ಹೋಲ್ಟರ್ ಕಟ್ಟಿದ್ರು. ಎದೆಗೆ ಐದು ಸ್ಟಿಕ್ಕರ್, ಸೊಂಟಕ್ಕೆ ಡಬ್ಬಿ, ಪ್ರತಿ ಬಡಿತವೂ ಅದರಲ್ಲಿ. ಇವತ್ತು ಬಿಚ್ಚಿಸ್ಕೊಂಡು ಡಾಕ್ಟ್ರ ಮುಂದೆ ಕೂತಿದ್ವಿ. ಹೆಂಡತಿ ಬ್ಯಾಗಿಂದ ಒಂದು ಉದ್ದನೆ ಪುಸ್ತಕ ತೆಗೆದ್ಲು. ಸ್ಕೂಲಿನ ಹಳೇ ಹಾಜರಿ ಪುಸ್ತಕ, ಖಾಲಿ ಹಾಳೆ ಉಳಿದಿದ್ದು.

"ಡಾಕ್ಟ್ರೇ, ಇವರ ಎದೆ ನೀವು ನೋಡಿ. ಆದ್ರೆ ಕೆಮ್ಮಿಗೆ ಏನಾದ್ರೂ ಸಿರಪ್ ಬರ್ಕೊಡಿ. ಎರಡು ತಿಂಗಳಾಯ್ತು. ಶ್ವಾಸಕೋಶಕ್ಕೆ ಏನಾದ್ರೂ ಆಗಿದೆಯೇನೋ ಅಂತ ನನಗೆ ಭಯ. ಎಲ್ಲ ಟೈಮ್ ಹಾಕಿದ್ದೀನಿ."

ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ 7.12, ಎರಡು ಸಲ. 8.40, ಒಂದು ಸಲ, ಸ್ನಾನದ ಮನೆ. ಮಕ್ಕಳ ಹಾಜರಿ ಹಾಕಿದ ಹಾಗೆ, ಗೆರೆ ಎಳೆದು, ನೀಲಿ ಇಂಕಲ್ಲಿ. ಅವಳು ಆಫೀಸಿಗೆ ಹೋದ ಹೊತ್ತು ಮಾತ್ರ ಖಾಲಿ, ಅಲ್ಲಿ "ನಾನಿಲ್ಲ" ಅಂತ.

ಡಾಕ್ಟ್ರು ಮೊದಲು ಸುಮ್ಮನೆ ನೋಡಿದ್ರು. ಆಮೇಲೆ ಕನ್ನಡಕ ಹಾಕ್ಕೊಂಡ್ರು. ಕಂಪ್ಯೂಟರಲ್ಲಿ ಹೋಲ್ಟರ್ ತೆಗೆದು 7.12ಕ್ಕೆ ಹೋದ್ರು. ಸಾಲು ಬಡಿತ — ಏಳು, ಎಂಟು — ತಟಕ್ಕನೆ ಕಟ್. 8.40. ಸಾಲು, ಕಟ್. ನಾಲ್ಕನೇದೂ ಹಾಗೇ. ಕುರ್ಚಿ ನನ್ನ ಕಡೆ ತಿರುಗಿಸಿದ್ರು.

"ಕೆಮ್ಮು ತಾನಾಗಿ ಬರತ್ತಾ, ನೀವು ಬರಿಸ್ತೀರಾ?"

"ತಾನಾಗೇ ಸಾರ್. ಲಿಫ್ಟ್ ಶಾಫ್ಟ್ ಧೂಳು. ಇಪ್ಪತ್ತೆಂಟು ವರ್ಷ ಕುಡಿದಿದ್ದೀನಲ್ಲ."

"ಡಿಸೆಂಬರಿಂದ ನೀವು ಕೆಲಸಕ್ಕೇ ಹೋಗಿಲ್ಲ."

"ಹಳೇ ಧೂಳು ಸಾರ್."

ಹೆಂಡತಿ ನನ್ನ ಪರವಾಗಿ ತಲೆ ಆಡಿಸಿದ್ಲು. ಪಾಪ. "ಹೌದು ಡಾಕ್ಟ್ರೇ, ಬಟ್ಟೆ ಒಗೆದ್ರೆ ನೀರು ಕಪ್ಪಗೆ ಬರತ್ತೆ."

ಅವಳು ತಲೆ ಆಡಿಸಿದ್ದೇ ಚುಚ್ಚುತ್ತಾ ಇದೆ. ಡಾಕ್ಟ್ರಿಗೆ ಸುಳ್ಳು ಹೇಳಿದ್ದು ಅಷ್ಟಿಲ್ಲ.

ಮಾರ್ಚ್ 23, ಬೆಳಿಗ್ಗೆ 10.30

ಕೇರ್‌ಟೇಕರ್ ಫೋನ್ ಮಾಡಿದ್ದ. ಹನ್ನೊಂದು ಮಹಡಿ ಬಿಲ್ಡಿಂಗ್‌ನವನು. ನನ್ನ ಹಳೇ ಗಿರಾಕಿ, ನನ್ನ ಹಳೇ ತಲೆನೋವು.

"ಹುಷಾರಾ ಸಾರ್? ಚಿಂತೆ ಮಾಡ್ಬೇಡಿ, ಬೆಳಿಗ್ಗೆ ಲಿಫ್ಟ್ ನಿಂತಿತ್ತು. ನಾನೇ ಮೇನ್ ಆಫ್ ಮಾಡಿ ಆನ್ ಮಾಡ್ದೆ. ಬೆಣ್ಣೆ ಹಾಗೆ ಓಡ್ತಾ ಇದೆ."

ನನಗೆ ಎಲ್ಲಿತ್ತೋ ಸಿಟ್ಟು. "ನಿನಗೆ ಎಷ್ಟು ಸಲ ಬಡ್ಕೊಂಡಿದ್ದೀನಯ್ಯಾ? ಗೋಡೆ ಮೇಲೆ ಬರೆದಿರೋದು ಓದೋಕೆ ಬರಲ್ವಾ? ಹಾಗೆ ಮಾಡಿದ್ರೆ ನಾವು ಬಂದು ಏನು ಹುಡುಕಬೇಕು? ಇವತ್ತು ಓಡತ್ತೆ, ನಾಳೆ ಯಾವ ಮಹಡೀಲಿ ಕೈಕೊಡತ್ತೋ—"

ಅವನು ಪೂರ್ತಿ ಕೇಳಿಸ್ಕೊಂಡ. ಆಮೇಲೆ ತಣ್ಣಗೆ ಅಂದ, "ಒಳಗೆ ಐದನೇ ಮಹಡಿ ಅಜ್ಜಿ ಸಿಕ್ಕಿಹಾಕ್ಕೊಂಡಿದ್ರು ಸಾರ್. ಬಾಗಿಲು ಬಡೀತಾ ಇದ್ರು. ಉಸಿರು ಕಟ್ತಿದೆ ಅಂತ ಅಳ್ತಾ ಇದ್ರು. ನೀವಾಗಿದ್ರೆ ಮೆಕ್ಯಾನಿಕ್ ಬರೋ ತನಕ ನೋಡ್ತಾ ನಿಂತಿರ್ತಿದ್ರಾ?"



ಫೋನ್ ಇಟ್ಟು ಇಷ್ಟು ಹೊತ್ತಾಯ್ತು, ಇಲ್ಲೇ ಕೂತಿದ್ದೀನಿ. ಒಲೆ ಮೇಲೆ ಟೀ ಸೀದು ಹೋಗಿದೆ.

ನಾನೂ ಅಷ್ಟೇ ಮಾಡಿದ್ದು. ಒಳಗೆ ಯಾರೋ ಬಾಗಿಲು ಬಡೀತಾ ಇದ್ದ — ಏಳನೇ ಮಹಡೀಲಿ ಕಾಲು ಕುಸಿದವನು. ಅವನನ್ನ ಹೊರಗೆ ತರೋಕೆ ಮೇನ್ ಆಫ್ ಮಾಡ್ದೆ, ಆನ್ ಮಾಡ್ದೆ. ಮೆಕ್ಯಾನಿಕ್ ಎದುರಲ್ಲೇ. ಅವರು ವೈರ್ ಹಿಡ್ಕೊಂಡು ನೋಡ್ತಾ ಇದ್ದಾಗಲೇ ಎರರ್ ಅಳಿಸಿದೆ. ತೊಡೆ ತೂತು ಮಾಡಿಸ್ಕೊಂಡಿದ್ದು ದಂಡ, ಸುಟ್ಟಿದ್ದು ದಂಡ, ಸಿಸ್ಟರ್ ಇಪ್ಪತ್ತು ನಿಮಿಷ ಒತ್ತಿದ್ದು ದಂಡ. ಹೆಂಡತಿ ಆ ಕಬ್ಬಿಣದ ಕುರ್ಚಿ ಮೇಲೆ ನಾಲ್ಕು ಗಂಟೆ ಕೂತಿದ್ದೂ.

ಮೂವತ್ತನಾಲ್ಕು. ಅದರಲ್ಲಿ ನನ್ನ ಕೈವಾಡ ಎಷ್ಟು?

ಹೇಳಬೇಕು. ಅವಳು ಐದಕ್ಕೆ ಬರ್ತಾಳೆ.

ಮಾರ್ಚ್ 23, ಸಂಜೆ 6.15

ಹೇಳಿದೆ.

ಅವಳು ಚಪ್ಪಲಿ ಬಿಟ್ಟು ಕಾಲು ತೊಳ್ಕೊಂಡು ಕೂರೋ ತನಕ ಕಾದೆ. ಆಮೇಲೆ ಸುತ್ತಿಬಳಸಿ ಶುರು ಮಾಡ್ದೆ. ಕೇರ್‌ಟೇಕರ್, ಅಜ್ಜಿ, ಪ್ಯಾನೆಲ್...

"ನೇರ ಹೇಳ್ರೀ."

"ಕೆಮ್ಮು ಧೂಳಿಂದಲ್ಲ. ನಾನೇ ಕೆಮ್ಮೋದು. ಬೇಕು ಅಂತ. ಕೆಮ್ಮಿದ್ರೆ ಬಡಿತ ನಿಲ್ಲತ್ತೆ."

"ಟೇಬಲ್ ಮೇಲೆ?"

"ಅಲ್ಲೂ."

ಎದ್ದು ಒಳಗೆ ಹೋದ್ಲು. ಹಾಜರಿ ಪುಸ್ತಕ ತಂದು ನನ್ನ ತೊಡೆ ಮೇಲೆ ಹಾಕಿದ್ಲು — ನೋವಿರೋ ತೊಡೆ ಮೇಲೇ. "ಎರಡು ತಿಂಗಳು. ನಿಮ್ಮ ಒಂದೊಂದು ಕೆಮ್ಮಿಗೂ ನನ್ನ ಕರುಳು ಕಿತ್ತು ಬಂದಿದೆ. ಕ್ಯಾನ್ಸರ್ ಇರಬಹುದು ಅಂತ ನನ್ನಷ್ಟಕ್ಕೆ ನಾನು... ಡಾಕ್ಟ್ರ ಮುಂದೆ ನನ್ನ ಕೈಲೂ ಸುಳ್ಳು ಹೇಳಿಸಿದ್ರಲ್ಲ."

"ನಿನಗೆ ಗೊತ್ತಿರಲಿಲ್ಲ, ಅದು ಸುಳ್ಳು ಹೇಗಾಗತ್ತೆ?"

"ಮಾತು ಬೇಡ. ನಿಮ್ಮ ಮಾತು ಕೇಳಿ ಕೇಳಿ ಸಾಕಾಗಿದೆ. ಊರೆಲ್ಲ ಮಾತು, ಹೇಳಬೇಕಾದ್ದು ಒಂದೂ ಇಲ್ಲ."

ಹೆದರಿಕೆ ಆಗಿತ್ತು ಕಣೇ ಅಂದೆ. ಇಷ್ಟು ತಿಂಗಳಲ್ಲಿ ಈ ಮಾತು ಮೊದಲ ಸಲ ಬಾಯಿಂದ ಬಂದಿದ್ದು. ಅವಳು ಕೇಳಿಸ್ಕೊಂಡ್ಲು ಅನ್ಸತ್ತೆ. ಪುಸ್ತಕ ಎತ್ಕೊಂಡು ಒಳಗೆ ಹೋದ್ಲು.

ಮಾರ್ಚ್ 26, ಬೆಳಿಗ್ಗೆ 8

ಮೂರು ದಿನ ಅವಳು ಮಾತಾಡಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ಲೋಟದ ಪಕ್ಕ ಇರತ್ತೆ. ಮಾತು ಮಾತ್ರ ಇಲ್ಲ. ಯಾರ ಹತ್ರ ಮಾತಾಡ್ಲಿ — ಈ ಫೋನ್ ಹತ್ರವೂ ಮನಸ್ಸು ಬರಲಿಲ್ಲ.

ಇವತ್ತು ಬೆಳಿಗ್ಗೆ ಬಂತು. ಸೋಫಾ ಮೇಲೆ ಕೂತಿದ್ದೆ. ಕೆಮ್ಮಬಾರದು ಅಂತ ಸೋಫಾ ಅಂಚು ಹಿಡ್ಕೊಂಡೆ. ಒಂಬತ್ತು... ಹತ್ತು... ಕಿವಿ ಗುಂಯ್ ಅಂತು, ಕೈಬೆರಳು ತಣ್ಣಗಾಯ್ತು. ಕೆಮ್ಮಿಬಿಟ್ಟೆ. ಅಡುಗೆ ಮನೇಲಿ ಪಾತ್ರೆ ಸದ್ದು ನಿಂತಿತು. ಮತ್ತೆ ಶುರು ಆಯ್ತು.

ಮನೇಲೇ ಆಗದಿದ್ದು ಟೇಬಲ್ ಮೇಲೆ ಆಗತ್ತಾ?

ಮಾರ್ಚ್ 27, ಮಧ್ಯಾಹ್ನ 12

ಡಾಕ್ಟ್ರಿಗೆ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಕುರ್ಚಿಗೆ ಒರಗಿ ಸೀಲಿಂಗ್ ನೋಡಿದ್ರು. "ಆ ದಿನ ನಾನು ನನ್ನ ಮೆಷಿನ್ ಸರಿ ಇಲ್ಲ ಅಂತ ಕಂಪನಿಗೆ ಫೋನ್ ಮಾಡಿದ್ದೆ" ಅಂದ್ರು.

ತಲೆ ತಗ್ಗಿಸಿದೆ. ಗುರುತು ಅಳಿಸಿದ್ರೆ ರಿಪೇರಿಯವನು ತಪ್ಪು ಜಾಗ ಹುಡುಕ್ತಾನೆ ಅಂತ ನಾನೇ ಕೇರ್‌ಟೇಕರ್‌ಗಳಿಗೆ ಎಷ್ಟು ಸಲ ಹೇಳಿದ್ದೀನಿ.

"ಈ ಸಲ ನಿದ್ದೆ ಮದ್ದೇ ಇಲ್ಲ. ಪೂರ್ತಿ ಎಚ್ಚರ. ಬಡಿತ ಬರಬೇಕು, ಬಂದು ಉಳೀಬೇಕು. ಅದು ಇದ್ದಷ್ಟು ಹೊತ್ತು ಮಾತ್ರ ನಮಗೆ ಜಾಗ ಕಾಣತ್ತೆ. ಕೆಮ್ಮೋ ಹಾಗಿಲ್ಲ, ಉಸಿರು ಹಿಡಿಯೋ ಹಾಗಿಲ್ಲ, ಅಲ್ಲಾಡೋ ಹಾಗಿಲ್ಲ. ಮಾತಾಡೋ ಹಾಗಿಲ್ಲ."

"ಮಾತೂ ಇಲ್ವಾ ಸಾರ್?"

"ಮಾತೂ ಇಲ್ಲ."

ಪಕ್ಕದಲ್ಲಿ ಹೆಂಡತಿ ಮೂಗಲ್ಲಿ ನಕ್ಕ ಹಾಗಾಯ್ತು. ನಾಲ್ಕು ದಿನದಲ್ಲಿ ಮೊದಲ ಸದ್ದು. "ಕಷ್ಟ ಡಾಕ್ಟ್ರೇ" ಅಂದ್ಲು. "ಬೇಕಾದ್ರೆ ಹಾರ್ಟನ್ನೇ ತೆಗೆದಿಡಿ, ಅದಿಲ್ಲದೆ ಇರ್ತಾರೆ."

"ಎಚ್ಚರ ತಪ್ಪಿದ್ರೆ?" ಇದು ನಾನು ಕೇಳಿದ್ದು.

"ನಾವಿದ್ದೀವಿ. ಐದು ಜನ. ಶಾಕ್ ಕೊಡೋ ಪ್ಯಾಡ್ ಮೊದಲೇ ಎದೆಗೆ ಅಂಟಿಸಿರ್ತೀವಿ. ನೀವು ಮಾಡಬೇಕಾದ್ದು ಒಂದೇ — ಏನೂ ಮಾಡದೆ ಇರೋದು."

ಏನೂ ಮಾಡದೆ ಇರೋದು. ಐವತ್ತು ವರ್ಷದಲ್ಲಿ ಈ ಕೆಲಸ ನನಗೆ ಯಾರೂ ಕೊಟ್ಟಿಲ್ಲ.

ಏಪ್ರಿಲ್ 2, ಬೆಳಿಗ್ಗೆ 6.50

ಅದೇ ವಾರ್ಡು. ಅದೇ ಅಟೆಂಡರ್, ಅದೇ ಬ್ಲೇಡ್. ಅವನೂ ಜೋಕ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಟೈಲರ್ ಇದ್ದ ಬೆಡ್ಡಲ್ಲಿ ಬೇರೆ ಯಾರೋ. ದೊಡ್ಡ ಸಿಸ್ಟರ್‌ನ ಕೇಳಿದೆ. "ಆಪರೇಶನ್ ಆಯ್ತು. ಇನ್ನೂ ಐಸಿಯುನಲ್ಲೇ ಇದ್ದಾರೆ" ಅಂದ್ರು. ಎಷ್ಟು ದಿನದಿಂದ ಅಂದೆ. ಡ್ರಿಪ್ ಸರಿ ಮಾಡೋಕೆ ತಿರುಗಿದ್ರು.

ಫೋನ್ ಹೊಟ್ಟೆ ಮೇಲೆ ಇಟ್ಕೊಂಡು ಮಾತಾಡ್ತಾ ಇದ್ದೀನಿ.

ಹೆಂಡತಿ ಬಂದ್ಲು. ಸಿಸ್ಟರ್ ಹತ್ರ ಬಿಳಿ ಟೇಪ್ ಇಸ್ಕೊಂಡು, ಅಷ್ಟುದ್ದ ಕತ್ತರಿಸಿ, ಪೆನ್ ತೆಗೆದು ಏನೋ ಬರೆದು ನನ್ನ ಗೌನ್ ಮೇಲೆ ಎಡಗಡೆ ಅಂಟಿಸಿದ್ಲು. ನನಗೆ ತಲೆಕೆಳಗಾಗಿ ಕಾಣಿಸ್ತು. ಅಕ್ಷರ ಸ್ಕೂಲಿನ ಸರ್ಟಿಫಿಕೇಟ್ ಥರ ಮುತ್ತು.

ಮೆಕ್ಯಾನಿಕ್ ಬರುವ ತನಕ ಮುಟ್ಟಬೇಡಿ.

ದೊಡ್ಡ ಸಿಸ್ಟರ್ ಓದಿ, "ಇದೇನಮ್ಮ ಇದು?" ಅಂದ್ರು. "ಇವರಿಗೆ ಅರ್ಥ ಆಗತ್ತೆ ಸಿಸ್ಟರ್" ಅಂದ್ಲು ಅವಳು.

ಅಷ್ಟೇ. ಕರೀತಾ ಇದ್ದಾರೆ.

ಏಪ್ರಿಲ್ 3, ಸಂಜೆ 4

ನಿನ್ನೆ ಮಾತಾಡೋಕೆ ಆಗಲಿಲ್ಲ. ಆಗಲಿಲ್ಲ ಅಂದ್ರೆ, ಇರಲಿಲ್ಲ ಮಾತು.

ಕ್ಯಾಥ್ ಲ್ಯಾಬ್, ಅಂದ್ರೆ ವೈರ್ ಬಿಡೋ ರೂಮು, ತುಂಬಾ ಚಳಿ. ಬೆನ್ನ ಕೆಳಗೆ ಹಲಗೆ ಥರ ಟೇಬಲ್. ತೊಡೆ ಮರಗಟ್ಟೋ ಹಾಗೆ ಚುಚ್ಚಿದ್ರು, ಅಷ್ಟೇ. ವೈರ್ ಒಳಗೆ ಹೋಗೋದು ಗೊತ್ತಾಗಲ್ಲ, ಎದೆ ಒಳಗೆ ಗೋಡೆಗೆ ತಾಗಿದಾಗ ಗೊತ್ತಾಗತ್ತೆ. ಇಲಿ ಓಡಿದ ಹಾಗೆ.

ಮೊದಲ ಮುಕ್ಕಾಲು ಗಂಟೆ ಏನೂ ಇಲ್ಲ. ಎದೆ ಮತ್ತೆ ಹೊಸ ಅಳಿಯನ ಥರ ಕೂತಿತ್ತು. ಆಮೇಲೆ ಏನೋ ಮದ್ದು ಬಿಟ್ರು, ಓಡಿದವನಿಗೆ ಹೊಡ್ಕೊಂಡ ಹಾಗೆ ಎದೆ ಹೊಡ್ಕೊಳ್ತು. ಮದ್ದು ನಿಲ್ಲಿಸಿದ್ರು. ಆಗ ಬಂತು. ಒಂದು. ಎರಡು. ಸಾಲು.

"ಬಂತು. ಬಿಡಿ, ಬರಲಿ" ಅಂದ್ರು ಡಾಕ್ಟ್ರು. ಗಾಜಿನ ಆಚೆಯಿಂದ ಇನ್ನೊಬ್ಬರು ಏನೋ ನಂಬರ್ ಕೂಗಿದ್ರು.

ಕೆಮ್ಮು ಗಂಟಲ ತನಕ ಬಂತು. ಹೊಟ್ಟೆ ತಾನಾಗೇ ಒಳಗೆ ಎಳ್ಕೊಳ್ತು. ಅಷ್ಟು ಅಭ್ಯಾಸ ಆಗಿಹೋಗಿದೆ ಮೈಗೆ. ಹಲ್ಲು ಕಚ್ಚಿದೆ. ಕಚ್ಚಬೇಡಿ, ಬಾಯಿ ಸಡಿಲ ಬಿಡಿ ಅಂದ್ರು. ಬಿಟ್ಟೆ. ಎಂಟು, ಒಂಬತ್ತು, ಹತ್ತು... ಎಣಿಸೋದೂ ಬಿಟ್ಟೆ. ದೀಪ ಸಣ್ಣದಾಗ್ತಾ ಹೋಯ್ತು. ಬೆಲ್ಟ್ ಹಿಡ್ಕೊಳ್ಳೋಕೆ ಜೊತೆಗಾರ ಇಲ್ಲ ಅನ್ನಿಸ್ತು. ಶಾಫ್ಟ್ ಕೆಳಗೆ ಕತ್ತಲೆ, ಗ್ರೀಸ್ ವಾಸನೆ — ನಿಜವಾಗ್ಲೂ ಮೂಗಿಗೆ ಬಂತು. ಐದನೇ ಮಹಡಿ ಅಜ್ಜಿ ನೆನಪಾದ್ರು. ನಾನು ಅವರ ಮುಖ ಸಹ ನೋಡಿಲ್ಲ. ಇನ್ನು ಸ್ವಲ್ಪ ಅಜ್ಜಿ, ಮೆಕ್ಯಾನಿಕ್ ಬಂದಿದ್ದಾನೆ, ಮೇಲೇ ಇದ್ದಾನೆ, ಕೈ ಹಾಕಿದ್ದಾನೆ. ಹೀಗೇ ಮನಸ್ಸಲ್ಲಿ ಹೇಳ್ತಾ ಇದ್ದೆ.

"ಇಲ್ಲಿ. ಇಲ್ಲೇ. ಆನ್ ಮಾಡಿ."

ಎದೆ ಒಳಗೆ ಬಿಸಿ. ಇಸ್ತ್ರಿ ಪೆಟ್ಟಿಗೆ ತಾಗಿದ ಹಾಗೆ, ಒಳಗಿಂದ. ಕಣ್ಣಲ್ಲಿ ನೀರು ಕಿವಿಗೆ ಇಳೀತು. ಒರೆಸೋ ಹಾಗಿಲ್ಲ. ಆಮೇಲೆ —

ಸಾಲು ನಿಂತಿತು. ನಾನು ನಿಲ್ಲಿಸಿದ್ದಲ್ಲ.

ಎರಡು ಕಡೆ ಸುಟ್ರಂತೆ. ಮೊದಲು ಅಂದಾಜಲ್ಲಿ ಸುಟ್ಟಿದ್ದಕ್ಕೂ ಇದಕ್ಕೂ ಒಂದು ಬೆರಳಷ್ಟು ದೂರ. ಡಾಕ್ಟ್ರು ಮಾಸ್ಕ್ ಇಳಿಸಿ, "ಈಗ ಮಾತಾಡಬಹುದು" ಅಂದ್ರು. ಮೂರನೇ ಮಹಡೀಲಿ ನಿಮ್ಮ ಲಿಫ್ಟ್ ಬ್ರೇಕ್ ಸವೆದಿದೆ, ಯಾರಿಗಾದ್ರೂ ಹೇಳಿ ಅಂದೆ.

ಅವರು ಆಮೇಲೆ ಹೇಳಿದ್ದು ಇದು. "ಸಿಕ್ಕಿದೆ ಅಂತ ನನಗೆ ಅನ್ಸತ್ತೆ. ಆದ್ರೆ ಮೂರು ವಾರ ಆಗಲಿ, ಹೋಲ್ಟರ್ ಕಟ್ಟೋಣ. ಅಲ್ಲೊಂದು ಇಲ್ಲೊಂದು ಬಂದ್ರೆ ಪರವಾಗಿಲ್ಲ, ಎಲ್ಲರಿಗೂ ಬರತ್ತೆ. ಸಾಲು ಬಂದ್ರೆ ಮಾತ್ರ ಆ ಡಬ್ಬಿ ವಿಷಯ ಮಾತಾಡಬೇಕಾಗತ್ತೆ." ಹೆಂಡತಿ ಬರ್ಕೊಂಡ್ಲು.

ಏಪ್ರಿಲ್ 11, ಸಂಜೆ 6

ಹತ್ತು ನಿಮಿಷ ನಡೆದೆ. ಬಂದು ಮಲಗಿದೆ. ಟೈಲರ್ ನಂಬರಿಗೆ ಫೋನ್ ಮಾಡಿದೆ. ರಿಂಗ್ ಆಯ್ತು, ಯಾರೂ ಎತ್ತಲಿಲ್ಲ.

ಏಪ್ರಿಲ್ 24, ಮಧ್ಯಾಹ್ನ 3.40

ಹೋಲ್ಟರ್ ಕಟ್ಟಿ ಏಳು ಗಂಟೆ ಆಯ್ತು. ಬೆಳಿಗ್ಗೆಯಿಂದ ನೀರವ. ಅಷ್ಟು ಸುಮ್ಮನಿದ್ರೆ ಅದೂ ಭಯ. ಹೆಂಡತಿ ರಜಾ ಹಾಕಿದ್ದಾಳೆ. ಎದುರು ಕೂತು ಹಾಜರಿ ಪುಸ್ತಕಕ್ಕೆ ಗೆರೆ ಎಳೀತಾ ಇದ್ದಾಳೆ. ಕೆಮ್ಮಿನ ಕಾಲಂ ಇವತ್ತೂ ಇದೆ. ಖಾಲಿ.

ತಡಿ.

ಬಂತು. ಒಂದು. ಮೀನು ಹೊರಳಿದ ಹಾಗೆ.

ಹೊಟ್ಟೆ ಒಳಗೆ ಎಳ್ಕೊಳ್ತು ನೋಡು, ಕಳ್ಳ ಹೊಟ್ಟೆ. ಗಂಟಲಲ್ಲಿ ಬಂದು ನಿಂತಿದೆ. ನುಂಗಿದೆ.

"ಏನ್ರೀ?"

"ಒಂದು ಬಂತು ಕಣೇ."

"ಕೆಮ್ಮಿದ್ರಾ?"

"ಇಲ್ಲ."

"ಮತ್ತೆ?"

"ಕಾಯ್ತಾ ಇದ್ದೀನಿ... ಇಗೋ. ಇನ್ನೊಂದು."

ಪುಸ್ತಕ ಕೆಳಗಿಟ್ಟು ಬಂದ್ಲು. ವೈರುಗಳನ್ನ ಒಂದೊಂದಾಗಿ ಪಕ್ಕಕ್ಕೆ ಸರಿಸಿ, ಸ್ಟಿಕ್ಕರ್ ಮಧ್ಯೆ ಜಾಗ ಮಾಡ್ಕೊಂಡು ಎದೆಗೆ ಕಿವಿ ಇಟ್ಟಿದ್ದಾಳೆ. ಅವಳ ತಲೆ ಭಾರ ಇದೆ. ಬೆಳ್ಳಗಾಗಿದೆ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಏನು ಕೇಳಿಸ್ತಾ ಇದೆ?"

"ನಿಮ್ಮ ಮಾತು ಕೇಳಿಸ್ತಾ ಇದೆ. ಬಾಯಿ ಮುಚ್ಚಿದ್ರೆ ಬೇರೆ ಏನಾದ್ರೂ ಕೇಳಿಸೀತು."

"ಮೂರನೇದು ಬಂದ್ರೆ?"

"ಬರಲಿ. ನಾನು ಎಣಿಸ್ತೀನಿ. ನೀವು ಸುಮ್ಮನಿರಿ."

ಸರಿ. ಕೈ ತೆಗೆದಿದ್ದೀನಿ. ಉಸಿರು ಬಿಟ್ಟಿದ್ದೀನಿ. ನಾನು ಏನೂ ಮಾಡ್ತಾ ಇಲ್ಲ.